ಓಗೊಡದ ಬೆಳಗು

ಜೂನ್ 9

ಚಿಕ್ಕಮ್ಮಾ,

‘ಕರೆದ ದನಿಗಿಂತ ಓಗೊಡದ ದನಿ ದೊಡ್ಡದು.’ ಬೆಳಿಗ್ಗೆಯಿಂದ ಈ ಸಾಲು ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದ್ದೆನೋ ನೆನಪಿಲ್ಲ, ಹಿಂದುಮುಂದಿನ ಸಾಲುಗಳೂ ಇಲ್ಲ. ದೊಡ್ಡದು ಎಂದಿತ್ತೋ ದೂರದ್ದು ಎಂದಿತ್ತೋ ಎಂಬುದೇ ಈಗ ಅನುಮಾನ. ದೊಡ್ಡದು ಎಂದುಕೊಂಡರೆ ಭಯವಾಗುತ್ತದೆ, ದೂರದ್ದು ಎಂದುಕೊಂಡರೆ ಬೇಜಾರಾಗುತ್ತದೆ. ಅದೂ ಅಲ್ಲದೆ, ಓಗೊಡದೇ ಇದ್ದಮೇಲೆ ದನಿ ಎಲ್ಲಿಂದ ಬಂತು? ನೀನು ಜೀವಮಾನವೆಲ್ಲ ಅಚ್ಚುಕೂಟದಲ್ಲಿ ಕೂತು ಕರಡು ತಿದ್ದಿದವಳು. ಇದನ್ನೂ ತಿದ್ದಿ ಕಳಿಸು.

ಸಾಲು ಸುಮ್ಮನೆ ನೆನಪಾಗಲಿಲ್ಲ. ನಿನ್ನೆ ಹೊಸ ಸ್ವಯಂಸೇವಕರು ಬಂದಿದ್ದರು. ಅಧ್ಯಕ್ಷರು ಅವರಿಗೆ ಎಂದಿನ ಮಾತು ಹೇಳಿದರು: “ಊರೂರಲ್ಲಿ ಒಂಟಿಯಾಗಿರೋರಿಗೆ ಬೆಳಿಗ್ಗೆ ಇಲ್ಲಿಂದ ಫೋನ್ ಮಾಡ್ತೀವಿ, ಕರೀತೀವಿ. ಅವರು ಓ ಅಂದ್ರೆ ಆವತ್ತಿನ ಕೆಲಸ ಆಯ್ತು. ಅನ್ನದಿದ್ರೆ, ಅವರ ಹತ್ತಿರ ಇರೋ ನಮ್ಮೋರು ಓಡಿಹೋಗಿ ಬಾಗಿಲು ತಟ್ಟಬೇಕು. ನಮ್ಮ ಬಳಗ ಅಂದ್ರೆ ಇಷ್ಟೇ.” ಕೇಳಲು ಎಷ್ಟು ಚೆಂದ. ಹೊಸಬರ ಮುಖ ಅರಳುತ್ತದೆ. ಆಮೇಲೆ ಬಾಡುತ್ತದೆ, ಅವರನ್ನು ಉಳಿಸಿಕೊಳ್ಳುವ ಕೆಲಸ ನನ್ನದಾದ್ದರಿಂದ ಅದನ್ನು ನೋಡುವವಳು ನಾನು.

ಕರೆಯುವವರು ಹೇಗೋ ಉಳಿಯುತ್ತಾರೆ. ಅವರಿಗೆ ಫೋನಿದೆ, ಪಕ್ಕದ ಕುರ್ಚಿಯಲ್ಲಿ ಜೊತೆಗಾರರಿದ್ದಾರೆ, ಚಹಾ ಇದೆ. ಓಡುವವರು ಉಳಿಯುತ್ತಿಲ್ಲ. ಯಾಕೆಂದರೆ ಅವರು ಓಡುವ ಪ್ರಸಂಗವೇ ಬರುವುದಿಲ್ಲ. ಎಲ್ಲರೂ ಓ ಎನ್ನುತ್ತಾರೆ. ಬಿಲ್ಲೆ ಕೊಟ್ಟೆವು, ಫೋಟೊ ಹಾಕಿದೆವು, ಕೂಟ ಮಾಡಿದೆವು, ಹುಟ್ಟುಹಬ್ಬಕ್ಕೆ ಹಾರೈಸಿದೆವು. ಹೋದ ವಾರ ಬಿಟ್ಟುಹೋದ ಒಬ್ಬರು ನೇರವಾಗಿಯೇ ಹೇಳಿದರು: “ಮೇಡಂ, ವರ್ಷದಿಂದ ಚಪ್ಪಲಿ ಹೊಸಿಲ ಹತ್ತಿರಾನೇ ಇಟ್ಕೊಂಡು ಕೂತಿದೀನಿ. ನನ್ನ ಪಾಲಿನ ಅಜ್ಜಿ ಬೀಳಲ್ಲ, ಸಾಯಲ್ಲ, ನನಗಿಂತ ಗಟ್ಟಿ ಇದಾರೆ. ತಪ್ಪು ತಿಳೀಬೇಡಿ, ನಾನ್ಯಾಕೆ ಇರಬೇಕು?” ತಪ್ಪು ತಿಳಿಯಲಿಲ್ಲ. ಅವರ ಬಿಲ್ಲೆ ವಾಪಸ್ಸು ಇಸಿದುಕೊಂಡೆ.

ಈಗ ನಿನ್ನ ಬೀದಿಯ ಕನ್ನಡಕದಂಗಡಿಯಾಕೆಯೂ ಬಿಡುತ್ತೇನೆಂದು ಬರೆದಿದ್ದಾಳೆ. ಆ ಕಡೆ ನಿನಗಾಗಿ ಓಡಲು ಅವಳೊಬ್ಬಳೇ ಇರುವುದು. ಬಸ್ಸಿನಲ್ಲಿ ಅರ್ಧ ದಿನದ ದಾರಿ, ನಾನಂತೂ ಓಡಿ ಬರಲಾರೆ. ಉಳಿದವರ ಚಿಂತೆ ಕೆಲಸದ ಚಿಂತೆ. ಇದು ಮಾತ್ರ ಮನೆಯದು.

ನಿನ್ನ
ಪುಟ್ಟಿ


ಜೂನ್ 17

ಪುಟ್ಟೀ,

ನಿನ್ನ ಸಾಲು ದೊಡ್ಡದೂ ಅಲ್ಲ, ದೂರದ್ದೂ ಅಲ್ಲ. ನನ್ನ ಮೇಜಿಗೆ ಬಂದಿದ್ದರೆ ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿ ವಾಪಸ್ಸು ಕಳಿಸುತ್ತಿದ್ದೆ. ಓಗೊಡದಿದ್ದರೆ ಅದು ದನಿಯಲ್ಲ, ಖಾಲಿ ಜಾಗ. ಖಾಲಿ ಜಾಗದಲ್ಲಿ ಅಚ್ಚಿನ ಮೊಳೆ ಬಿದ್ದುಹೋಗಿರುತ್ತದೆ ಅಷ್ಟೇ. ಕವನ ಓದುವವರು ಅಲ್ಲಿ ಏನೋ ಇದೆ ಎಂದು ಕೂತು ನೋಡುತ್ತಾರೆ.

ನಿನ್ನ ಕಾಗದದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಐವತ್ತು ಹತ್ತಿರ ಬಂದಾಗಲಾದರೂ ಕಲಿತೆಯಲ್ಲ.

ನಿಮ್ಮ ಬಳಗದ ಬಗ್ಗೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಬೆಳಿಗ್ಗೆ ನನಗೆ ಫೋನ್ ಮಾಡುವವನಿಗೆ ವರ್ಷವಿಡೀ ನೆಗಡಿ. ‘ಅಮ್ಮಾ’ ಅನ್ನುತ್ತಾನೆ. ನಾನು ‘ಓ’ ಅನ್ನುತ್ತೇನೆ. ‘ಸರಿ ಅಮ್ಮಾ’ ಅಂದು ಇಟ್ಟುಬಿಡುತ್ತಾನೆ. ಹಾಜರಿ ಕೂಗಿದ ಹಾಗೆ. ಶಾಲೆಯಲ್ಲಾದರೆ ಹಾಜರಿ ಆದಮೇಲೆ ಪಾಠವಾದರೂ ಇರುತ್ತಿತ್ತು. ಇಲ್ಲಿ ಹಾಜರಿ ಆಯಿತೆಂದರೆ ಇಡೀ ದಿನ ರಜೆ.

ಕನ್ನಡಕದಂಗಡಿಯಾಕೆಯನ್ನು ನಾನು ಸರಿಯಾಗಿ ನೋಡಿಯೇ ಇಲ್ಲ. ಅಂಗಡಿಯ ಗಾಜಿನ ಹಿಂದೆ ಕೂತಿರುತ್ತಾಳೆ, ಬಿಲ್ಲೆ ಚುಚ್ಚಿಕೊಂಡಿರುತ್ತಾಳೆ, ನಾನು ಹಾದುಹೋದರೆ ತಲೆಯೆತ್ತಿ ನನ್ನ ಕಾಲು ನೋಡುತ್ತಾಳೆ. ಎಡವುತ್ತೇನೋ ಎಂಬ ಆಸೆ ಇರಬೇಕು, ಪಾಪ. ನಾನು ಒಂದು ದಿನ ಓ ಅನ್ನದೆ ಸುಮ್ಮನಿದ್ದುಬಿಡುತ್ತೇನೆ, ಅವಳಿಗೂ ಕೆಲಸ ಕೊಟ್ಟಂತಾಗಲಿ.

ತಮಾಷೆಗೆ ಬರೆದೆ. ನಿನ್ನ ಮುಖ ಗಂಟು ಹಾಕಿಕೊಳ್ಳಬೇಡ.

ಚಿಕ್ಕಮ್ಮ


ಜೂನ್ 26

ಚಿಕ್ಕಮ್ಮಾ,

ನಿನ್ನ ತಮಾಷೆಯನ್ನು, ಯಾರದೆಂದು ಹೇಳದೆ, ಅಧ್ಯಕ್ಷರಿಗೆ ಓದಿ ಹೇಳಿದೆ. ಅವರು ನಗಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತರು. “ಬೆಂಕಿ ಆರಿಸೋರು ಬೆಂಕಿ ಬೀಳಲಿ ಅಂತ ಕಾಯ್ತಾ ಕೂರ್ತಾರಾ? ತಾಲೀಮು ಮಾಡ್ತಾರೆ,” ಎಂದರು. ಅವರು ಕೆಟ್ಟವರಲ್ಲ, ನಿನಗೆ ಗೊತ್ತು. ಬಿಟ್ಟುಹೋದ ಪ್ರತಿಯೊಬ್ಬರಿಗೂ ಸ್ವಂತ ಕೈಯಿಂದ ಕಾಗದ ಬರೆದು ಕಳಿಸುವವರು.

ಹಾಗಾಗಿ ಕೇಳುತ್ತಿದ್ದೇನೆ. ಬರುವ ಗುರುವಾರ ಫೋನ್ ಬಂದರೆ ಎತ್ತಬೇಡ. ನೆಗಡಿಯವನು ಮತ್ತೆ ಮಾಡುತ್ತಾನೆ, ಆಗಲೂ ಎತ್ತಬೇಡ. ಅವಳು ಬಂದು ಬಾಗಿಲು ತಟ್ಟಿದಮೇಲೆ ತೆರೆದು, ಸ್ನಾನಕ್ಕೆ ಹೋಗಿದ್ದೆ ಎಂದುಬಿಡು. ತಾಲೀಮು ಎಂದು ಹೇಳಬೇಡ. ಹೇಳಬೇಕು ಎಂದೇ ಮೊದಲು ಅಂದುಕೊಂಡಿದ್ದೆ. ಆದರೆ ಓಡಿ ಬಂದವಳಿಗೆ ಇದು ಸುಳ್ಳು ಎಂದು ಹೇಗೆ ಹೇಳುವುದು? ನಾಳೆ ಬಿಡುವವಳು ಇವತ್ತೇ ಬಿಡುತ್ತಾಳೆ.

ನಿನಗೆ ಸರಿ ಅನ್ನಿಸದಿದ್ದರೆ ಬೇಡ. ನಾನು ಯಾರನ್ನೂ ಒತ್ತಾಯಿಸುವುದಿಲ್ಲ.

ಪುಟ್ಟಿ


ಜುಲೈ 6

ಪುಟ್ಟೀ,

ಆಯಿತು, ನಿನ್ನ ನಾಟಕ.

ಸುಮ್ಮನೆ ಕೂರುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಫೋನ್ ಹೊಡೆದುಕೊಳ್ಳುತ್ತಿತ್ತು. ಬಾಯಿಗೆ ಬಂದ ಓ ಅನ್ನು ಮಾತ್ರೆಯಂತೆ ನುಂಗಿದೆ. ನಿಂತಿತು. ಮತ್ತೆ ಹೊಡೆದುಕೊಂಡಿತು. ಆಮೇಲೆ ಮನೆಯೊಳಗೆ ಒಂದು ಬಗೆಯ ನಿಶ್ಶಬ್ದ ಬಂತು, ಅದು ನನ್ನದಲ್ಲ. ಇಷ್ಟು ವರ್ಷ ಒಂಟಿಯಾಗಿದ್ದವಳಿಗೆ ನನ್ನ ನಿಶ್ಶಬ್ದ ಯಾವುದು ಎಂದು ಗೊತ್ತಿಲ್ಲವೇ.

ಮೆಟ್ಟಿಲಲ್ಲಿ ದಡದಡ ಸದ್ದು. ಅವಳು ಬಾಗಿಲು ತಟ್ಟಲಿಲ್ಲ, ಗುದ್ದಿದಳು. “ಅಮ್ಮಾ, ಓ ಅನ್ನಿ. ಒಂದೇ ಒಂದ್ಸಲ ಓ ಅನ್ನಿ ಅಮ್ಮಾ.” ತೆರೆದೆ. ಒಂದೇ ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಯಾರದೋ ಕನ್ನಡಕದ ಗಾಜು.

“ಸ್ನಾನಕ್ಕೆ ಹೋಗಿದ್ದೆ ಕಣಮ್ಮ,” ಎಂದೆ.

ನನ್ನ ಒಣಗಿದ ತಲೆಯನ್ನು ನೋಡಿದಳು. “ಒಂದು ಲೋಟ ನೀರು ಕೊಡ್ತೀರಾ?” ಎಂದು ಅಲ್ಲೇ ಹೊಸಿಲ ಮೇಲೆ ಕೂತಳು. “ಗಿರಾಕಿ ಒಬ್ಬರನ್ನ ಒಂದೇ ಗಾಜಿನ ಕನ್ನಡಕ ಹಾಕಿ ಕೂರಿಸಿ ಬಂದಿದೀನಿ.”

“ಬಿಡು, ಅರ್ಧ ಊರಾದ್ರೂ ಕಾಣ್ತಿರುತ್ತೆ ಅವರಿಗೆ.”

ನಕ್ಕಳು. ನಗುತ್ತ ನಗುತ್ತ ಅಳು ಬಂತು ಅವಳಿಗೆ. “ನಾನು ಯಾರಿಗೋಸ್ಕರಾನೂ ಹೀಗೆ ಓಡಿರಲಿಲ್ಲ ಅಮ್ಮಾ. ಹಾದಿ ತುಂಬಾ ನಿಮ್ಮ ಮುಖಾನೇ. ಸರಿಯಾಗಿ ನೋಡಿಲ್ಲ ನಾನು ನಿಮ್ಮನ್ನ, ಆದ್ರೂ ಮುಖ ಕಾಣ್ತಿತ್ತು,” ಎಂದಳು. ಸೆರಗಿನಲ್ಲಿ ಮೂಗೊರೆಸಿಕೊಂಡು ಹೋದಳು.

ಅವಳು ಹೋದಮೇಲೆ ಬಾಗಿಲನ್ನು ಹೊರಗಿನಿಂದ ಮುಟ್ಟಿ ನೋಡಿದೆ. ನನ್ನ ಬಾಗಿಲನ್ನು ಅಷ್ಟು ಜೋರಾಗಿ ಯಾರೂ ಬಡಿದಿರಲಿಲ್ಲ. ಎದುರು ಬಾಗಿಲಿನಾಕೆ ಇಣುಕಿ, “ಏನಾಯ್ತು?” ಎಂದಳು. ಏನಿಲ್ಲ ಎಂದೆ. ಸುಳ್ಳು ಹೇಳಿದ ಮುಖ ನನಗೆ ಒಗ್ಗುವುದಿಲ್ಲ. ಆದರೂ ಆವತ್ತು ತಿಂಡಿ ರುಚಿಯಾಗಿತ್ತು.

ಚಿಕ್ಕಮ್ಮ


ಆಗಸ್ಟ್ 2

ಚಿಕ್ಕಮ್ಮಾ,

ಅವಳು ಬಿಡಲಿಲ್ಲ. ಬಿಡುವುದಿರಲಿ, ‘ನನ್ನನ್ನು ತೆಗೆಯಬೇಡಿ’ ಎಂದು ಬರೆದಿದ್ದಾಳೆ. ತಂಗಿಯನ್ನೂ ಸೇರಿಸುತ್ತಾಳಂತೆ.

ಈಗ ಎಲ್ಲ ಊರುಗಳಲ್ಲೂ ತಾಲೀಮು ನಡೆಯುತ್ತಿದೆ. ಯಾರು ಯಾವ ದಿನ ಸುಮ್ಮನಿರಬೇಕು ಎಂದು ನಾನೇ ಹೇಳಿಡುತ್ತೇನೆ. ಒಂಟಿಯಾಗಿರುವವರಿಗೆ ಇದರಲ್ಲಿ ಎಷ್ಟು ಆಸೆ ಗೊತ್ತಾ? ನಮ್ಮ ಸರದಿ ಯಾವಾಗ ಎಂದು ಅವರೇ ಕೇಳುತ್ತಾರೆ. ಓಡಿ ಬಂದವರು ವಾರಗಟ್ಟಲೆ ಆ ಓಟದ ಮಾತನ್ನೇ ಆಡುತ್ತಾರೆ. ಬಿಟ್ಟುಹೋಗಿದ್ದವರಲ್ಲಿ ಕೆಲವರು ವಾಪಸ್ಸು ಬಂದಿದ್ದಾರೆ. ಅಧ್ಯಕ್ಷರು ನನ್ನನ್ನು ಕರೆದು, “ತಂಗೀ, ಬಳಗ ಉಳೀತು,” ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ನನಗೂ ಖುಷಿಯೇ. ಮೊನ್ನೆಯದೊಂದು ಮಾತ್ರ ನಿನಗೆ ಬರೆಯಬೇಕು, ಬೇರೆ ಯಾರಿಗೂ ಹೇಳಿಲ್ಲ.

ಬೆಳಿಗ್ಗೆ ಕರೆಯುವವರ ಕೋಣೆಗೆ ಹೋದೆ. ಒಂದು ಫೋನು ಆ ಕಡೆ ಹೊಡೆದುಕೊಳ್ಳುತ್ತಲೇ ಇತ್ತು, ಈ ಕಡೆ ಕೂತವಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. “ಅಜ್ಜ ಚೆನ್ನಾಗಿ ತಡೀತಿದಾರೆ ಮೇಡಂ.” ಆಮೇಲೆ ನನ್ನ ಮುಖ ನೋಡಿ, “ಇವತ್ತಿನೋರು ನಮ್ಮೋರೇ ತಾನೆ? ನಿಜವಾಗ್ಲೂ ಓ ಅನ್ನಕ್ಕಾಗದೋರಲ್ಲ ತಾನೆ?” ಎಂದಳು.

ನಮ್ಮವರೇ. ನಾನೇ ಹೇಳಿಟ್ಟಿದ್ದು. ಆದರೆ ಹೌದು ಎನ್ನುವ ಮುಂಚೆ ನೆನಪು ಮಾಡಿಕೊಳ್ಳಬೇಕಾಯಿತು. ಅಷ್ಟರಲ್ಲಿ ಇಡೀ ಕೋಣೆಯವರು ನನ್ನ ಕಡೆ ತಿರುಗಿದ್ದರು.

ನಿನ್ನ ತಾಲೀಮು ಮುಗಿದಿದೆ. ಇನ್ನು ನಿನ್ನ ಸರದಿ ಇಲ್ಲ. ದಿನಾ ಓ ಅನ್ನುತ್ತಿರು.

ಪುಟ್ಟಿ


ಸೆಪ್ಟೆಂಬರ್ 14

ಪುಟ್ಟೀ,

ಕಾಗದ ತಡವಾಯಿತು. ಬರೆಯಲು ಏನೂ ಇರಲಿಲ್ಲ ಎಂದಲ್ಲ, ಬರೆದರೆ ನೀನು ಬೈಯುತ್ತೀಯ ಎಂದು.

ನಾನು ಮತ್ತೆ ಸುಮ್ಮನಿದ್ದೆ. ನೀನು ಹೇಳದಿದ್ದರೂ. ಒಂದು ಸಲ ಅಲ್ಲ.

ಹೇಗೆ ಶುರುವಾಯಿತು ಎಂದು ಕೇಳಬೇಡ. ಒಂದು ಬೆಳಿಗ್ಗೆ ಫೋನ್ ಬಂದಾಗ ಕೈ ಮುಂದೆ ಹೋಗಲಿಲ್ಲ. ಇವತ್ತು ಓ ಅಂದರೆ ಇವತ್ತಿಗೆ ಮುಗಿಯಿತು ಅನ್ನಿಸಿತು. ಅನ್ನದಿದ್ದರೆ ಕನ್ನಡಕದಂಗಡಿಯಾಕೆ ಬರುತ್ತಾಳೆ. ಬಂದು ಕೂರುತ್ತಾಳೆ. ಬರಬರುತ್ತ ಹೊಸಿಲು ದಾಟಿ ಕುರ್ಚಿಯ ತನಕ ಬಂದಿದ್ದಾಳೆ. ಗಂಡ ಬೇರೆ ಊರಿನಲ್ಲಿ ಕೆಲಸ, ಮನೆಗೆ ಬಂದಾಗ ಕನ್ನಡಕ ಹುಡುಕುವುದು ಬಿಟ್ಟರೆ ಬೇರೆ ಮಾತಿಲ್ಲವಂತೆ. “ಕನ್ನಡಕದಂಗಡಿಯೋಳ ಗಂಡ ಕಣಮ್ಮಾ, ದಿನಾ ಕನ್ನಡಕ ಕಳೀತಾನೆ,” ಎಂದಳು. ಇಬ್ಬರೂ ನಕ್ಕೆವು.

ಅವಳಿಗೆ ಗೊತ್ತಾಗಿದೆ ಎಂದು ನನಗೆ ಗೊತ್ತು. ಒಂದು ದಿನ ಸ್ನಾನ, ಒಂದು ದಿನ ನಿದ್ದೆ, ಒಂದು ದಿನ ಫೋನ್ ಕೆಟ್ಟಿತ್ತು. ಕರಡಿನಲ್ಲಿ ಅದೇ ತಪ್ಪು ಮೂರು ಪುಟದಲ್ಲಿ ಬಂದರೆ ಅದು ಕೈತಪ್ಪಲ್ಲ. ಆದರೂ ಅವಳು ಓಡಿಯೇ ಬರುತ್ತಾಳೆ. ಬಂದು ‘ಸದ್ಯ’ ಅನ್ನುತ್ತಾಳೆ. ಆ ಸದ್ಯ ಎಂಬ ಒಂದು ಮಾತಿಗೆ ನಾನು ಎಷ್ಟು ಬೇಕಾದರೂ ಸುಳ್ಳು ಹೇಳಿಯೇನು ಎಂದು ನನ್ನ ಬಗ್ಗೆ ನನಗೇ ಗೊತ್ತಿರಲಿಲ್ಲ.

ಕಷ್ಟ ಎದುರು ಬಾಗಿಲಿನಾಕೆಗೆ. ಆ ಗುದ್ದಿಗೆ ಅವಳ ಗಂಡನಿಗೆ ನಿದ್ದೆ ಕೆಡುತ್ತದಂತೆ, ಪಾಳಿ ಕೆಲಸದವನು. “ಏನು ನಿಮ್ಮನೇಲಿ, ವಾರಕ್ಕೊಂದ್ಸಲ ಯುದ್ಧ?” ಎಂದಳು. ಅವಳಿಗೆ ಏನೋ ಒಂದು ಹೇಳಿ ಸಮಾಧಾನ ಮಾಡಿದ್ದೇನೆ.

ಬೈಯುವುದಿದ್ದರೆ ಬೈದು ಬರೆ. ನಿನ್ನ ಬೈಗುಳದಲ್ಲಾದರೂ ಕಾಗುಣಿತದ ತಪ್ಪು ಸಿಗುತ್ತದೋ ನೋಡೋಣ.

ಚಿಕ್ಕಮ್ಮ


ಅಕ್ಟೋಬರ್ 1

ಚಿಕ್ಕಮ್ಮಾ,

ಬೈಯುವುದಿಲ್ಲ. ಬೈಯುವ ಬಾಯಿ ನನಗಿಲ್ಲ.

ಎಲ್ಲ ಹೊರಗೆ ಬಿತ್ತು. ಬೇರೊಂದು ಊರಿನಲ್ಲಿ ಓಡುವವರೊಬ್ಬರು ಏದುಸಿರು ಬಿಡುತ್ತ ಬಾಗಿಲು ತಟ್ಟಿದ್ದಾರೆ. ತೆರೆದ ಅಜ್ಜ, “ಪರವಾಗಿಲ್ಲ, ಹೋದ ಸಲಕ್ಕಿಂತ ಬೇಗ ಬಂದ್ರಿ,” ಎಂದು ಬೆನ್ನು ತಟ್ಟಿದ್ದಾನೆ. ಅವನ ಲೆಕ್ಕದಲ್ಲಿ ಅದು ಮೆಚ್ಚುಗೆ.

ಭಾನುವಾರ ಸಭೆ ಸೇರಿತು. ಕುರ್ಚಿ ಸಾಲಲಿಲ್ಲ. ಇಷ್ಟು ಜನ ನಮ್ಮ ಯಾವ ಕೂಟಕ್ಕೂ ಬಂದಿರಲಿಲ್ಲ. ಯಾರೂ ಕೂಗಾಡಲಿಲ್ಲ, ಕೂಗಾಡಿದ್ದರೆ ವಾಸಿಯಿತ್ತು. ಒಬ್ಬಾಕೆ ಎದ್ದು ನಿಂತು, “ನನ್ನ ಮಗೂನ ಒಲೆ ಹತ್ತಿರ ಬಿಟ್ಟು ಓಡಿದ್ದೆ ಮೇಡಂ ಆವತ್ತು,” ಎಂದಳು. ಅಷ್ಟೇ ಹೇಳಿ ಕೂತಳು.

ಅಧ್ಯಕ್ಷರು ಕ್ಷಮೆ ಕೇಳಿದರು. ಇನ್ನು ಮೇಲೆ ಮುಚ್ಚುಮರೆ ಇಲ್ಲ, ತಾಲೀಮು ಇರುತ್ತದೆ ಎಂದು ಎಲ್ಲರಿಗೂ ತಿಳಿದಿರಲಿ ಎಂದರು. ಯಾವ ದಿನ ಎಂದು ಹಿಂದಿನಿಂದ ಯಾರೋ ಕೇಳಿದರು. “ದಿನ ಹೇಳಿದ್ರೆ ತಾಲೀಮು ಹೇಗಾಗುತ್ತಪ್ಪಾ,” ಎಂದರು. ಹೆಚ್ಚಿನವರು ಬಿಡಲಿಲ್ಲ, ಅದೇ ಆಶ್ಚರ್ಯ. ಇನ್ನೂ ಬಳಗದಲ್ಲೇ ಇದ್ದಾರೆ, ಕರೆದರೆ ಹೋಗುತ್ತಾರೆ. ಓಡುವುದಿಲ್ಲ. ಕೈಕೆಲಸ ಮುಗಿಸಿ, ಬಟ್ಟೆ ಬದಲಿಸಿ, ನಡೆದುಕೊಂಡು ಹೋಗುತ್ತಾರೆ.

ನಿನ್ನೆ ಕರೆಯುವವರ ಕೋಣೆಯಲ್ಲಿ ನಿನ್ನ ಹೆಸರು ಬಂತು. ‘ಅವರಾ? ಅವರದ್ದು ದಿನಾ ತಾಲೀಮು’ ಎಂದು ನೆಗಡಿಯವನು ಹೇಳಿದ. ನೀನು ನನ್ನ ಚಿಕ್ಕಮ್ಮ ಎಂದು ಅವನಿಗೆ ಗೊತ್ತಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ, ಅದನ್ನು ನಿನಗೆ ಬರೆಯಬೇಕು ಅನ್ನಿಸಿತು.

ದಮ್ಮಯ್ಯ, ಇನ್ನು ಮೇಲೆ ಸುಮ್ಮನಿರಬೇಡ. ಬೆಳಗಿನ ಮೊದಲ ಕರೆಗೇ ಓ ಅನ್ನು. ಕನ್ನಡಕದಂಗಡಿಯಾಕೆಯನ್ನು ಸುಮ್ಮನೆ ಊಟಕ್ಕೆ ಕರೆ, ಅವಳು ಬರುತ್ತಾಳೆ. ಎದುರು ಬಾಗಿಲಿನಾಕೆಗೆ ಏನು ಹೇಳಿದ್ದೀಯೋ ಅದನ್ನು ಹೋಗಿ ಬಿಡಿಸಿ ಹೇಳು.

ಪುಟ್ಟಿ


ಅಕ್ಟೋಬರ್ 12

ಪುಟ್ಟೀ,

ನೀನು ಹೇಳಿದಂತೆ ಬಿಟ್ಟಿದ್ದೇನೆ. ದಿನಾ ಓ ಅನ್ನುತ್ತಿದ್ದೇನೆ.

ಮೊನ್ನೆ ಒಂದು ವಿಚಿತ್ರ. ಫೋನ್ ಎತ್ತಿದೆ, ಅವನು ಕರೆದ, ಓ ಅನ್ನಲು ಹೋದೆ, ಬಾಯಿಗೆ ಬರಲಿಲ್ಲ. ಹೊಟ್ಟೆಯಲ್ಲಿ ಇದೆ, ನಾಲಿಗೆಯಲ್ಲಿ ಇಲ್ಲ. ‘ಗೊತ್ತಾಯ್ತು ಬಿಡಿ ಅಮ್ಮಾ’ ಎಂದು ನಕ್ಕು ಇಟ್ಟುಬಿಟ್ಟ. ಸ್ವಲ್ಪ ಹೊತ್ತಿಗೆ ಬಂತು. ಖಾಲಿ ಮನೆಗೆ ಓ ಅಂದೆ.

ಕನ್ನಡಕದಂಗಡಿಯಾಕೆ ಸಾಯಂಕಾಲ ಬಂದಿದ್ದಳು. ನಡೆದುಕೊಂಡೇ. ಬಾಗಿಲು ಬಾಗಿಲು ತೆರೆದೇ ಇತ್ತು. ಸದ್ಯ ಅನ್ನಲಿಲ್ಲ. ಕೂತಳು, ಹೋದಳು.

ಎದುರಿನವಳಿಗೆ ಹೇಳಬೇಕು. ನಾಳೆ ಹೇಳುತ್ತೇನೆ. ಈಗ ಕೈ ಸೋತಿದೆ.

ಚಿಕಮ್ಮ


ಅಕ್ಟೋಬರ್ 19

ಚಿಕ್ಕಮ್ಮಾ,

ಸಿಕ್ಕಿಬಿದ್ದೆ. ಊರವರ ತಪ್ಪನ್ನೆಲ್ಲ ತಿದ್ದಿದವಳು ನಿನ್ನ ಹೆಸರಿನ ಒತ್ತಕ್ಷರವನ್ನೇ ನುಂಗಿದ್ದೀಯ. ಒಂದು ಮಾತನ್ನು ಎರಡು ಸಲ ಬರೆದಿದ್ದೀಯ. ನನ್ನ ಕಣ್ಣು ಇನ್ನೂ ಸರಿಯಾಗಿದೆಯೇ ಎಂಬ ಪರೀಕ್ಷೆಯಾ? ಅಥವಾ ಇದೂ ಒಂದು ತಾಲೀಮಾ, ನನ್ನನ್ನೇ ಓಡಿಸಲು? ಕಾಗದವನ್ನು ಮೇಜಿನ ಮೇಲೆ ಹರಡಿ ಕೆಂಪು ಶಾಯಿಯಲ್ಲಿ ತಿದ್ದಿ ಇಟ್ಟಿದ್ದೇನೆ. ಬಂದಾಗ ತಂದು ತೋರಿಸುತ್ತೇನೆ.

ಬರುತ್ತೇನೆ. ವಾರ್ಷಿಕ ಸಭೆ ಮುಗಿಯಲಿ, ಮರುದಿನವೇ ಬಸ್ಸು ಹತ್ತುತ್ತೇನೆ. ವರ್ಷವಿಡೀ ದುಡಿದ ಓಡುವವರಿಗೆ ಅಂದು ಸನ್ಮಾನ ಇದೆ. ಅಧ್ಯಕ್ಷರು ನಿನ್ನ ಕನ್ನಡಕದಂಗಡಿಯಾಕೆಯ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆಸಿದ್ದಾರೆ.

ನಾಲಿಗೆ ಹೊರಳದಿರುವುದು ಚಳಿಗೆ ಇರಬೇಕು. ಬಿಸಿನೀರು ಕುಡಿ. ವೈದ್ಯರಿಗೆ ಒಂದು ಸಲ ತೋರಿಸು, ಸುಮ್ಮನೆ.

ಪುಟ್ಟಿ


ನವೆಂಬರ್ 3

ತಂಗೀ,

ಏನು ಬರೆಯಲಿ ಎಂದು ಎರಡು ಸಲ ಕೂತು ಎದ್ದೆ. ತೀರಿಕೊಂಡವರು ನಿಮ್ಮ ಚಿಕ್ಕಮ್ಮ ಎಂದು ನನಗೂ ತಿಳಿದಿರಲಿಲ್ಲ. ನೀವು ಹೇಳಬಹುದಿತ್ತು. ಅಂದು ಕರೆದವನು ಊಟ ಬಿಟ್ಟಿದ್ದಾನೆ. ಕನ್ನಡಕದಂಗಡಿಯಾಕೆ ಬಿಲ್ಲೆಯನ್ನು ಲಕೋಟೆಯಲ್ಲಿಟ್ಟು ವಾಪಸ್ಸು ಕಳಿಸಿದ್ದಾಳೆ, ಜೊತೆಗೆ ಒಂದು ಅಕ್ಷರವೂ ಇಲ್ಲ.

ನೀವು ಎಷ್ಟು ದಿನ ಬೇಕಾದರೂ ರಜೆಯಲ್ಲಿರಿ. ನಿಮ್ಮ ರಾಜೀನಾಮೆಯನ್ನು ನಾನು ತೆರೆದಿಲ್ಲ, ತೆರೆಯುವುದೂ ಇಲ್ಲ.

ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳಲೇಬೇಕು. ವಾರ್ಷಿಕ ಸಭೆಯನ್ನು ಮುಂದೆ ಹಾಕಿದ್ದೇವೆ. ಈ ಸುದ್ದಿ ಎಲ್ಲ ಊರುಗಳಿಗೂ ಹೋಗಿದೆ. ಸ್ವಯಂಸೇವಕರು ಕುಗ್ಗಿಹೋಗಿದ್ದಾರೆ. ಈಗ ಕೈಬಿಟ್ಟರೆ ಬೆಳಿಗ್ಗೆ ಕರೆಯುವವರೂ ಇರುವುದಿಲ್ಲ, ಆಗ ಉಳಿದ ಒಂಟಿ ಜೀವಗಳ ಗತಿ ಏನು? ನಿಮ್ಮ ಚಿಕ್ಕಮ್ಮನ ಬಗ್ಗೆ ಒಂದು ಪುಟ ಬರೆದುಕೊಡಿ. ಅವರು ಹೇಗಿದ್ದರು, ನಮ್ಮ ಬಳಗ ಅವರಿಗೆ ಏನಾಗಿತ್ತು. ಅಕ್ಕಪಕ್ಕದವರು ಅವರ ಬಗ್ಗೆ ಹೇಳಿದ ಒಂದು ಒಳ್ಳೆಯ ಮಾತಿದ್ದರೆ ಅದನ್ನು ಕೊನೆಗೆ ಸೇರಿಸಿ. ಸಭೆಯಲ್ಲಿ ನಾನೇ ಓದುತ್ತೇನೆ. ಎಲ್ಲರಿಗೂ ಮತ್ತೆ ಕೆಲಸದಲ್ಲಿ ಮನಸ್ಸು ನಿಲ್ಲಬೇಕು.

ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ.

ಅಧ್ಯಕ್ಷ


ನವೆಂಬರ್ 10

ಅಧ್ಯಕ್ಷರಿಗೆ,

ನೀವು ಕೇಳಿದ ಪುಟ ಇದು. ಸಭೆಯಲ್ಲಿ ಓದುವುದು ಬಿಡುವುದು ನಿಮಗೆ ಬಿಟ್ಟದ್ದು. ಕನ್ನಡಕದಂಗಡಿಯಾಕೆಗೆ ಮಾತ್ರ ತೋರಿಸಬೇಡಿ. ಅವಳು ಅಂದು ಬಾಗಿಲ ತನಕ ಬಂದಿದ್ದಳು.

ನನ್ನ ಚಿಕ್ಕಮ್ಮ ಕರಡು ತಿದ್ದುತ್ತಿದ್ದವಳು. ಅವಳ ಕೈ ದಾಟಿ ಯಾವ ತಪ್ಪೂ ಅಚ್ಚಾಗಲಿಲ್ಲ ಎಂದು ಅವಳಿಗೆ ಹೆಮ್ಮೆಯಿತ್ತು. ನಮ್ಮ ಬಳಗ ಅವಳಿಗೆ ಏನಾಗಿತ್ತು ಎಂದು ಕೇಳಿದ್ದೀರಿ. ಮೊದಲು ಬೆಳಗಿನ ಹಾಜರಿಯಾಗಿತ್ತು. ಆಮೇಲೆ ಯಾರೋ ತನಗಾಗಿ ಮೆಟ್ಟಿಲು ಹತ್ತಿ ಬರುವ ಸದ್ದಾಗಿತ್ತು. ಓ ಅಂದರೆ ಫೋನು ಇಡುತ್ತಿದ್ದೆವು, ಸುಮ್ಮನಿದ್ದರೆ ಬರುತ್ತಿದ್ದೆವು. ಅವಳಿಗೆ ಹಾಗೆ ಕಲಿಸಿದವಳು ನಾನು.

ಅಂದು ಅವಳು ಓ ಅನ್ನಲಿಲ್ಲ ಎಂಬುದು ನನಗೆ ಸಾಯಂಕಾಲ ತಿಳಿಯಿತು. ಸನ್ಮಾನದ ಪಟ್ಟಿ ಬರೆಯುತ್ತಿದ್ದೆ. ನೆಗಡಿಯವನು ಬಾಗಿಲಲ್ಲಿ ನಿಂತು, “ಆ ದಿನಾ ತಾಲೀಮಿನ ಅಮ್ಮ ಇವತ್ತು ಮತ್ತೆ ಶುರುಮಾಡಿದ್ರು ಮೇಡಂ. ಓಡೋಳಿಗೆ ಹೇಳಿದೆ, ಹೋಗಿ ಬಂದ್ಲಂತೆ, ತಾಲೀಮಂತೆ,” ಎಂದ. ನಾನು ಸರಿ ಎಂದೆ. ಇನ್ನೂ ಒಂದಿಷ್ಟು ಹೆಸರು ಬರೆದೆ. ಚಿಕ್ಕಮ್ಮ ಬಿಟ್ಟಿದ್ದೇನೆ ಎಂದು ಬರೆದಿದ್ದಳಲ್ಲ ಎಂದು ಆಮೇಲೆ ಹೊಳೆಯಿತು. ಅವಳ ಕಾಗದ ಮೇಜಿನ ಮೇಲೇ ಇತ್ತು, ನನ್ನ ಕೆಂಪು ಶಾಯಿಯೊಂದಿಗೆ. ಅವಳ ಕೈ ಬಿಟ್ಟ ಒತ್ತಕ್ಷರವನ್ನು ನಾನು ಅಚ್ಚುಕಟ್ಟಾಗಿ ತಿದ್ದಿದ್ದೆ. ಅದು ತಪ್ಪಲ್ಲ ಎಂದು ಆಗ ಕಂಡಿತು. ಫೋನ್ ಮಾಡಿದೆ, ಎತ್ತಲಿಲ್ಲ. ಕನ್ನಡಕದಂಗಡಿ ಮುಚ್ಚಿರಬೇಕು, ಅಲ್ಲೂ ಯಾರೂ ಎತ್ತಲಿಲ್ಲ. ಸಿಕ್ಕ ಮೊದಲ ಬಸ್ಸು ಹತ್ತಿದೆ.

ಬೆಳಿಗ್ಗೆ ತಲುಪಿದೆ. ಮೆಟ್ಟಿಲುಗಳನ್ನು ಓಡಿ ಹತ್ತಿದೆ. ನಾನು ಯಾರಿಗಾಗಿಯಾದರೂ ಹಾಗೆ ಓಡಿದ್ದು ಅದೇ ಮೊದಲು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ತಟ್ಟಿದೆ, ಆಮೇಲೆ ಗುದ್ದಿದೆ. ಕೂಗಿ ಕರೆದೆ. ನಿಮ್ಮ ಕರೆಯುವವರೆಲ್ಲ ದಿನಾ ಕೇಳಿಸಿಕೊಳ್ಳುವುದು ಏನೆಂದು ಆಗ ಗೊತ್ತಾಯಿತು. ನಾನು ಕರೆಯುತ್ತ ಅವಳ ಉತ್ತರಕ್ಕೆ ಕಾಯುತ್ತಿರಲಿಲ್ಲ. ಇದು ಯಾವ ಬಗೆಯ ಸುಮ್ಮನಿರುವಿಕೆ ಎಂದು ಕಿವಿಯಲ್ಲೇ ತೂಗಿ ನೋಡುತ್ತಿದ್ದೆ.

ಎದುರು ಬಾಗಿಲು ತೆರೆಯಿತು. ಆಕೆ ತುಟಿಯ ಮೇಲೆ ಬೆರಳಿಟ್ಟು, ಒಳಗೆ ಗಂಡ ಮಲಗಿದ್ದಾನೆ ಎಂದು ಸನ್ನೆ ಮಾಡಿದಳು. ನನ್ನನ್ನು ಬಳಗದವಳೆಂದು ತಿಳಿದಳು, ಅದೇನೂ ತಪ್ಪಾಗಿರಲಿಲ್ಲ. ಒಳ್ಳೆಯ ಹೆಂಗಸು, ಮುಖದಲ್ಲಿ ನಗುವಿತ್ತು. ನೀವು ಕೇಳಿದ ನೆರೆಯವರ ಮಾತು ಇದು, ಆಕೆ ಹೇಳಿದಂತೆಯೇ ಬರೆಯುತ್ತಿದ್ದೇನೆ:

“ಯಾಕಮ್ಮಾ ಅಷ್ಟೊಂದು ಗಾಬರಿ? ಅವರೇ ನನಗೆ ಹೇಳಿಟ್ಟಿದಾರೆ, ನಾನು ಓ ಅನ್ನದಿದ್ರೆ ಹೆದರಬೇಡಿ, ನಮ್ಮ ಹುಡುಗಿ ಕೆಲಸಕ್ಕೆ ಅದು ಬೇಕು ಅಂತ. ನಿನ್ನೆ ಬಂದೋಳಿಗೂ ಅದನ್ನೇ ಹೇಳಿ ಕಳಿಸಿದೆ. ನಿನ್ನೆಯದಂತೂ ಎಲ್ಲಾ ದಿನಕ್ಕಿಂತ ಜೋರು. ಮೊದಲು ಏನೋ ಬಿದ್ದ ಸದ್ದು, ಆಮೇಲೆ ನೆಲ ಬಡಿಯೋ ಸದ್ದು, ಮಧ್ಯಾಹ್ನದವರೆಗೂ ಬಿಡಲಿಲ್ಲ ನೋಡಿ. ನಮ್ಮನೆಯವರಿಗೆ ಹೇಳ್ದೆ, ಈ ವಯಸ್ಸಲ್ಲೂ ಎಷ್ಟು ಚೆನ್ನಾಗಿ ಮಾಡ್ತಾರೆ ಅಂತ.”